ಹದಿನೆಂಟು ಕಿಲೋದ ಚೀಟಿ

ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಹದಿನೆಂಟು ಕಿಲೋ ಎಂದಿತ್ತು. ಮುದ್ರಣಾಲಯದ ಲೋಡರ್ ಅದನ್ನು ನಂಬಿ ಒಬ್ಬನೇ ಎತ್ತಿದ, ಅರ್ಧಕ್ಕೇ ಸೊಂಟ ಹಿಡಿದು ಕುಸಿದ. ಅವನನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ತೂಗಿ ನೋಡಿದರೆ ಮೂವತ್ತೆಂಟು! ಇಪ್ಪತ್ತೈದು ದಾಟಿದರೆ ಇಬ್ಬರು ಎತ್ತಬೇಕೆಂಬುದು ಅಲ್ಲಿನ ನಿಯಮ.

ಮರುದಿನ ಬೆಳಿಗ್ಗೆ ಚೀಟಿ ಟೈಪ್ ಮಾಡುವ ಹೆಂಗಸು ಪ್ರಥಮ ಚಿಕಿತ್ಸೆಯ ಕೋಣೆಗೆ ಬಂದು ಗೋಡೆಗೊರಗಿದಳು. ಬಿದ್ದವನು ಅವಳ ಗಂಡನೇ.

"ನಿನ್ನೆ ಅರವತ್ತು ಚೀಟಿ ಹೊಡ್ದೆ ನರ್ಸಮ್ಮ. ಕಣ್ಣು ಎಳೀತಿತ್ತು. ಮೂರರ ಬದ್ಲು ಒಂದು ಒತ್ತಿರ್ತೀನಿ. ಆಸ್ಪತ್ರೆ ಬಾಗಿಲವರೆಗೂ ಹೋಗಿ ವಾಪಸ್ ಬಂದೆ. ಯಾವ ಮುಖ ಇಟ್ಕೊಂಡು ಅವರ ಮುಂದೆ ನಿಲ್ಲಲಿ?"

ನರ್ಸಮ್ಮ ಬಾತ ಕಾಲುಗಳನ್ನು ಸ್ಟೂಲಿನಿಂದ ಇಳಿಸಿದರು. ಮೂವತ್ತು ವರ್ಷ ಆ ಕೋಣೆಯಲ್ಲೇ ಸವೆದವರು. ಕಚೇರಿಯಲ್ಲಿ ಏನು ಕಳೆದರೂ, ಯಾರು ಸುಳ್ಳು ಹೇಳಿದರೂ ಕೊನೆಗೆ ಪತ್ತೆ ಹಚ್ಚುತ್ತಿದ್ದವರು ಅವರೇ. ಜೊತೆಗೆ ಸ್ಟೋರ್‌ಕೀಪರ್ ಇದ್ದೇ ಇರುತ್ತಿದ್ದ. ಹತ್ತು ವರ್ಷದ ಹಿಂದೆಯೇ ಕೈಕೊಟ್ಟ ಅವನ ಸೊಂಟ, ಅವರ ಹಿಂದೆ ತಿರುಗುವುದಕ್ಕೆ ಮಾತ್ರ ಅಡ್ಡಿ ಬಂದಿರಲಿಲ್ಲ.

ಇಬ್ಬರನ್ನೂ ಗೋದಾಮಿಗೆ ಕರೆದುಕೊಂಡು ಹೋಗಿ ನರ್ಸಮ್ಮ ಒದ್ದೆ ಹತ್ತಿಯಿಂದ ಆ ಪೆಟ್ಟಿಗೆಯ ಚೀಟಿಯ ಅಂಚನ್ನು ಉಜ್ಜಿದರು. ಅದರಡಿ ಇನ್ನೊಂದು ಚೀಟಿ ಇತ್ತು. ಮೂವತ್ತೆಂಟು ಕಿಲೋ.

"ನೀನು ಸರಿಯಾಗೇ ಹೊಡ್ದಿದೀಯ. ಎರಡರ ಅಕ್ಷರಾನೂ ಒಂದೇ, ಆಮೇಲೆ ನಿನ್ನ ಕಂಪ್ಯೂಟರಲ್ಲೇ ಯಾರೋ ಇನ್ನೊಂದು ಹೊಡ್ದು ಮೇಲೆ ಅಂಟ್ಸಿದಾರೆ. ಊಟ ಮುಗ್ಸಿ ಬಂದಾಗ ಏನಾದ್ರೂ ಬದಲಾಗಿತ್ತಾ?"

ಸ್ಟೋರ್‌ಕೀಪರನ ಮುಖ ಇಳಿಯಿತು. ಕುಳ್ಳಿಯಾದ ಅವಳು ಊಟದ ನಂತರ ಅವನನ್ನೇ ಕರೆದು, ಕಾಲು ನೆಲಕ್ಕೆ ಎಟುಕುತ್ತಿಲ್ಲ ಎಂದಿದ್ದಳು. ಗೊಣಗುತ್ತಲೇ ಅವನು ಕುರ್ಚಿ ತಗ್ಗಿಸಿ, ಪರದೆಯ ಕೆಳಗಿದ್ದ ಎರಡು ದಪ್ಪ ಪುಸ್ತಕಗಳನ್ನು ತೆಗೆದಿಟ್ಟಿದ್ದ. ಆಮೇಲಿನ ಗದ್ದಲದಲ್ಲಿ ಮರೆತೇಬಿಟ್ಟಿದ್ದ. ನಿನ್ನೆಯೇ ಬಾಯಿಬಿಟ್ಟಿದ್ದರೆ ಈ ಹುಡುಗಿ ರಾತ್ರಿಯಿಡೀ ಬೇಯುತ್ತಿರಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಅವಳು ಟೈಪ್ ಮಾಡುವ ಕೋಣೆಯ ಬೀಗದ ಕೈ ಅವಳಲ್ಲದೆ ಇನ್ನು ಮೂವರ ಬಳಿಯಿತ್ತು, ಮೂವರೂ ಉದ್ದ ಆಳುಗಳೇ. ಮ್ಯಾನೇಜರು ಗೂನು ಬೆನ್ನು ಮಾಡಿಕೊಂಡು ಕೂತು, ಕತ್ತುನೋವಿನ ಮುಲಾಮಿಗೆ ವಾರಕ್ಕೆರಡು ಸಲ ಬರುವವರು. ಲಾರಿ ಗುಮಾಸ್ತ ಎಲ್ಲ ಕೆಲಸವನ್ನೂ ನಿಂತೇ ಮುಗಿಸುವ ಗಡಿಬಿಡಿಯವನು. ಸೇಫ್ಟಿ ಮೇಷ್ಟ್ರು ತಿಂಗಳಿಗೊಮ್ಮೆ ಎಲ್ಲರನ್ನೂ ಸೇರಿಸಿ, ಭಾರ ಎತ್ತುವುದು ಹೇಗೆ, ಕೂರುವುದು ಹೇಗೆ ಎಂದು ಪಾಠ ಹೇಳುವವರು.

ನಾಲ್ಕು ಗಂಟೆಗೆ ನರ್ಸಮ್ಮ ಎಲ್ಲರನ್ನೂ ತಮ್ಮ ಕೋಣೆಗೆ ಕರೆಸಿದರು. ಮ್ಯಾನೇಜರು ಅವಳನ್ನು ಕೆಲಸದಿಂದ ತೆಗೆಯುವ ಕಾಗದವನ್ನು ಕೈಯಲ್ಲೇ ಹಿಡಿದು ಬಂದರು. ಎರಡು ಚೀಟಿಗಳನ್ನು ನೋಡಿಯೂ, "ಎರಡನೇದೂ ಅವಳೇ ಹೊಡ್ದಿರ್ಬೋದಲ್ಲ?" ಅಂದರು.

"ಕಾಲು ಎಟುಕದ ಹಾಗೆ ಕುರ್ಚಿ ಏರಿಸ್ಕೊಂಡು ಹೊಡೆದ್ಲಾ ಸಾರ್?" ನರ್ಸಮ್ಮ ಆಯಾಸದಿಂದಲೇ ಕೇಳಿದರು. "ಕೂತೋರು ಉದ್ದ ಇದ್ರು. ಎರಡು ನಿಮಿಷದ ಕಳ್ಳ ಕೆಲಸ. ನೀವಾಗಿದ್ರೆ ಕುರ್ಚಿ ಹೇಗಿತ್ತೋ ಹಾಗೇ ಮುದುರಿ ಕೂರ್ತಿದ್ರಿ. ಗುಮಾಸ್ತರು ಕೂರ್ತಾನೇ ಇರ್ಲಿಲ್ಲ. ಆದ್ರೆ ಬಂದೋರು ಕುರ್ಚಿ ಏರ್ಸಿ, ಪುಸ್ತಕ ಇಟ್ಟು ಪರದೆ ಕಣ್ಣಿನ ಮಟ್ಟಕ್ಕೆ ತಂದು, ಆಮೇಲೆ ಕೂತಿದಾರೆ. ಯೋಚ್ನೆ ಮಾಡದೇನೇ ಕೈ ಹಾಗೆ ಓಡೋದು ಇಲ್ಲಿ ಒಬ್ರಿಗೇ, ಅಲ್ವಾ ಮೇಷ್ಟ್ರೇ?"

ಮೇಷ್ಟ್ರು ಬೆಂಚಿನ ಮೇಲೆ ಕುಸಿದರು. ಅವರ ಬೆನ್ನು ಬಾಗಿದ್ದನ್ನು ಸ್ಟೋರ್‌ಕೀಪರ್ ಕಂಡದ್ದು ಅಂದೇ ಮೊದಲು.

"ಲಾರಿ ಹೊರಟು ನಿಂತಿತ್ತು. ಇನ್ನೊಬ್ಬ ಲೋಡರ್‌ನ ನಾನೇ ಬೇರೆ ಕೆಲಸಕ್ಕೆ ಕಳ್ಸಿದ್ದೆ. ಒಂದೇ ಪೆಟ್ಟಿಗೆ, ಗಟ್ಟಿ ಆಳು, ಏನಾಗುತ್ತೆ ಅಂದ್ಕೊಂಡೆ. ನಿಜವಾದ ತೂಕ ಕಂಡಿದ್ರೆ ಒಬ್ನೇ ಮುಟ್ತಿರ್ಲಿಲ್ಲ. ಹಾಗೆ ಕಲ್ಸಿದ್ದೇ ನಾನು."

ಮ್ಯಾನೇಜರು ಕಾಗದ ಹರಿದು, ಮೇಷ್ಟ್ರನ್ನು ಕರೆದುಕೊಂಡು ಹೊರಗೆ ಹೋದರು.

ಅವಳಿನ್ನೂ ಅಲ್ಲೇ ಕೂತಿದ್ದಳು. "ಅವರಿಗೆ ಗೊತ್ತಿಲ್ವಲ್ಲ ನರ್ಸಮ್ಮ. ನನ್ನಿಂದಲೇ ಹೀಗಾಯ್ತು ಅಂತ ಕೋಪ ಮಾಡ್ಕೊಂಡು ಮಲಗಿರ್ತಾರೆ."

"ಮಧ್ಯಾಹ್ನ ಆಸ್ಪತ್ರೆಗೆ ಫೋನ್ ಮಾಡಿದ್ದೆ. ನಿನ್ನ ಗಂಡ ನಿನ್ನೆಯಿಂದ ಕೇಳೋರಿಗೆಲ್ಲ ಒಂದೇ ಮಾತು ಹೇಳ್ತಿದಾನಂತೆ. ಚೀಟೀಲಿ ಮೂವತ್ತೆಂಟೇ ಇತ್ತು, ನಾನೇ ನೋಡದೆ ಎತ್ತಿದೆ ಅಂತ."