ಮಂಜಿನಕೋಟೆ ರಾಣಿಯ ಮದುವೆ

ನನಗೆ ಹೊಟ್ಟೆಕಿಚ್ಚು ಹುಟ್ಟಿಸಿದವಳು ಅಂಗೈಯಗಲದ ಒಂದು ಆಟದ ಕಾರ್ಡಿನಲ್ಲಿದ್ದಳು. ಬಿಳಿ ಸೆರಗು, ನೀಳ ಕತ್ತು, ಬಲ ಏಳು. ಹೆಸರು ಮಂಜಿನಕೋಟೆ ರಾಣಿ. ಜಗನ್ ಈಚೆಗೆ ಅವಳನ್ನು ಫೋನಿನ ಕವರಿನೊಳಗೆ ಇಟ್ಟುಕೊಂಡೇ ಓಡಾಡುತ್ತಿದ್ದ.

ಕಾಲೇಜಿನಲ್ಲಿ ನಾವು ನಾಲ್ಕು ಜನ ಆ ಕಾರ್ಡ್ ಆಟದ ಹುಚ್ಚು ಹಿಡಿಸಿಕೊಂಡಿದ್ದೆವು. ನಾನು ಸಂಘಮಿತ್ರ, ಜಗನ್, ಸಾದಲಿಯ ತನುಜ, ಗೌರಿಬಿದನೂರಿನ ರಮೇಶ್‌ಬಾಬು. ಕೆಲಸಕ್ಕೆ ಸೇರಿದ ಮೇಲೆ ಬರೀ ಕಾರ್ಡ್ ಎಸೆದು ಗೆಲ್ಲುವುದು ಬೇಜಾರಾಯಿತು. ಆ ಪ್ರಪಂಚದ ಒಳಗೇ ಹೋಗಿ, ಪಾತ್ರಗಳಾಗಿ ಆಡೋಣ ಅಂತ ತೀರ್ಮಾನ ಮಾಡಿದೆವು. ಕಥೆ ನಡೆಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಆ ಮೂವರಿಗೆ ಒಂದೊಂದು ಪಾತ್ರ. ಉಳಿದವರೆಲ್ಲ, ಕಾವಲುಗಾರನಿಂದ ಹಿಡಿದು ರಾಣಿಯವರೆಗೆ, ನನ್ನ ಬಾಯಲ್ಲೇ ಮಾತಾಡಬೇಕು.

ಕಾರ್ಡಿಗೇನು, ಒಂದು ಚಿತ್ರ, ಒಂದು ನಂಬರ್ ಇದ್ದರೆ ಆಯಿತು. ಕಥೆಗೆ ಅಷ್ಟು ಸಾಲದು. ಕೋಟೆಗೆ ನೀರು ಎಲ್ಲಿಂದ ಬರುತ್ತದೆ, ರಾಣಿ ಯಾರಿಗೆ ಹೆದರುತ್ತಾಳೆ, ಯಾವುದಕ್ಕೆ ನಗುತ್ತಾಳೆ, ಎಲ್ಲ ನಾನೇ ಹುಟ್ಟಿಸಬೇಕು. ಕೋಟೆಯನ್ನು ನಮ್ಮೂರ ಪಕ್ಕದ ಕಳವಾರದ ಬೆಟ್ಟದ ಮೇಲಿಟ್ಟೆ. ರಾಣಿಗೆ ಮೆಲುದನಿ ಕೊಟ್ಟೆ. ಅಲ್ಲೇ ನಾನು ಕೆಟ್ಟೆ.

ಎರಡು ಬೆಳೆಯ ನಡುವೆ ತನುಜಳ ಮನೆಯವರು ರೇಷ್ಮೆ ಸಾಕುವ ಹುಳುಮನೆ ಖಾಲಿ ಇರುತ್ತದೆ. ಆಗೆಲ್ಲ ಭಾನುವಾರ ಮಧ್ಯಾಹ್ನ ಅಲ್ಲಿ ಸೇರಿ, ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯೊಂದನ್ನು ಮಗುಚಿ, ಅದರ ಮೇಲೆ ನಕ್ಷೆ ಹಾಸಿ ಕೂರುತ್ತಿದ್ದೆವು. ಜಗನ್‌ದು ಕಳ್ಳನ ಪಾತ್ರ. ಖಜಾನೆ ದೋಚೋಕೆ ಡೈಸ್ ಹಾಕಿ, ಬೇಕಾದ ನಂಬರ್ ಬಿದ್ದು ಬಾಗಿಲು ತೆರೆದವನು, ಒಳಗೆ ರಾಣಿಯನ್ನು ಕಂಡು ಖಜಾನೆಯನ್ನೇ ಮರೆತ.

“ರಾಣೀ, ದೀಪ ಆರಿಸಬೇಡಿ,” ಅಂದ. “ಕತ್ತಲಲ್ಲೇ ಬದುಕಿ ಅಭ್ಯಾಸ ನನಗೆ. ಇವತ್ತು ಮೊದಲ ಸಲ ಬೆಳಕು ಬೇಕು ಅನಿಸ್ತಿದೆ.”

ಹೇಳುವಾಗ ಕತ್ತು ವಾರೆ ಮಾಡಿ, ಒಂದು ಹುಬ್ಬು ಏರಿಸಿ, ಕಣ್ತುಂಬ ನೋಡಿದ. ರಮೇಶ್‌ಬಾಬು “ಅಬ್ಬಬ್ಬಾ, ಏಮಿ ಡೈಲಾಗ್!” ಅಂತ ತೊಡೆ ತಟ್ಟಿದ.

“ಕಳ್ಳರಿಗೆ ಇಷ್ಟು ಮಾತು ಯಾರು ಕಲಿಸಿದರು?” ಅಂತ ರಾಣಿಯ ಮೆಲುದನಿಯಲ್ಲಿ ನಕ್ಕೆ. ಒಳಗೆ ಕುದಿಯುತ್ತಿದ್ದೆ.

ಯಾಕೆ ಕುದಿಯಬಾರದು? ಎಷ್ಟೋ ದಿನದಿಂದ ಈ ಮನುಷ್ಯನ ಬೈಕಿನಲ್ಲೇ ಚಿಕ್ಕಬಳ್ಳಾಪುರದಿಂದ ಸಾದಲಿಗೆ ಬರುತ್ತಿದ್ದೇನೆ. ಅವನಿಗೋಸ್ಕರ ಹೊಸ ಓಲೆ ಹಾಕಿಕೊಂಡು ಬಂದರೆ “ಏನೇ, ಕಿವಿ ನೋವಾ, ಮುಟ್ಕೊತಾನೇ ಇದೀಯ?” ಅಂತ ಕೇಳಿದ್ದ. ಅವನೆಂದರೆ ನನಗೆ ಪ್ರಾಣ ಅಂತ ತನುಜಳಿಗೂ ಗೊತ್ತು, ಅವನಿಗೊಬ್ಬನಿಗೆ ಗೊತ್ತಿಲ್ಲ. ಸಿಹಿ ಮಾತೆಲ್ಲ ಆ ಕಾರ್ಡಿನವಳ ಪಾಲು.

ಆಟಕ್ಕೆ ಕೂತಾಗಲೆಲ್ಲ ಅದು ಹೆಚ್ಚಾಯಿತು. ಅವಳಿಗೆ ಹೂ ತಂದ, ಅವಳ ಕುದುರೆಗೆ ಹೆಸರಿಟ್ಟ. ನಾನು ಅವಳ ಪರವಾಗಿ ನಾಚಬೇಕು, ಆಮೇಲೆ ಮನೆಗೆ ಬಂದು ಹೊಟ್ಟೆ ಉರಿದುಕೊಳ್ಳಬೇಕು. ಕೊನೆಗೆ ಒಂದು ಭಾನುವಾರ ನಕ್ಷೆ ಹಾಸುತ್ತಲೇ ಹೇಳಿಬಿಟ್ಟೆ.

“ಕೋಟೆಗೆಲ್ಲ ತೋರಣ ಕಟ್ಟಿದ್ದಾರೆ. ಇವತ್ತು ರಾಣಿಯ ಮದುವೆ. ಗಂಡು ಪಕ್ಕದ ರಾಜ್ಯದ ದೊರೆ.”

“ಇದೇನೇ, ಹಿಂಗೆ ಏಕಾಏಕಿ?” ಅಂದಳು ತನುಜ. ರಮೇಶ್‌ಬಾಬು ಊಟಕ್ಕೆ ಏನು ಅಂತ ಕೇಳಿದ. ನಾನು ಗೆದ್ದವಳ ಹಾಗೆ ಜಗನ್ ಕಡೆ ನೋಡಿದೆ. ಅವನು ನಗಲಿಲ್ಲ.

“ರಾಣಿಗೆ ಇಷ್ಟ ಇದೆಯಾ?”

“ಇದೆ,” ಅಂದೆ, ನನ್ನ ಸ್ವಂತ ದನಿಯಲ್ಲೇ. “ಯಾವನೋ ಕಳ್ಳನ್ನ ನೆಚ್ಕೊಂಡು ಎಷ್ಟು ದಿನ ಕೂರ್ತಾಳೆ?”

“ಸರಿ ಬಿಡು.” ಕೈಯಲ್ಲಿದ್ದ ಡೈಸ್ ಕೆಳಗಿಟ್ಟ. “ನನ್ನ ಕಳ್ಳ ಊರು ಬಿಟ್ಟು ಹೋಗ್ತಾನೆ. ಇನ್ಮೇಲೆ ನಾನು ಬರಲ್ಲ, ನೀವೇ ಆಡ್ಕೊಳ್ಳಿ.”

ಎದ್ದು ಹೊರಟೇ ಹೋದ. ಒಂದು ಕಾರ್ಡಿನವಳ ಮದುವೆಗೆ ಇಷ್ಟು ದುಃಖವೇ ಅಂತ ನನಗೆ ಮೈಯೆಲ್ಲ ಉರಿಯಿತು. ಹಿಂದೆಯೇ ಓಡಿದೆ. ಹಿಪ್ಪುನೇರಳೆ ತೋಟದ ಪಕ್ಕ ಬೈಕ್ ಹತ್ತುತ್ತಿದ್ದ.

“ಅಷ್ಟೊಂದು ಪ್ರೀತಿನಾ ಅವಳ ಮೇಲೆ?” ಅಂತ ಕೂಗಿದೆ. “ಕಾಗದದ ಹೆಂಗಸು ಕಣೋ ಅವಳು!”

“ಕಾಗದ ಮಾತಾಡುತ್ತಾ?” ತಿರುಗಿ ನಿಂತ. “ಅವಳು ಆಡಿದ್ದೆಲ್ಲ ಯಾರ ಮಾತು? ಅವಳು ನಕ್ಕಾಗ ನಗ್ತಿದ್ದೋರು ಯಾರು? ನಿನಗೆ ನೇರವಾಗಿ ಹೇಳೋಕೆ ಧೈರ್ಯ ಬರ್ಲಿಲ್ಲ. ರಾಣಿಗೆ ಹೇಳಿದ್ರೆ ನಿನಗೆ ತಲುಪುತ್ತೆ ಅನ್ಕೊಂಡೆ. ನೀನೂ ಚೆನ್ನಾಗೇ ಉತ್ತರ ಕೊಡ್ತಿದ್ದೆ. ಇವತ್ತು ಇನ್ನೊಬ್ಬನಿಗೆ ಕೊಟ್ಟು ಮದುವೆ ಮಾಡ್ತಿದೀಯ. ನನಗೆ ಅರ್ಥ ಆಯ್ತು ಬಿಡು.”

ತಿಂಗಳುಗಟ್ಟಲೆ ನನ್ನನ್ನೇ ಓಲೈಸುತ್ತಿದ್ದವನನ್ನು, ನನ್ನ ಮೇಲೆ ನಾನೇ ಹೊಟ್ಟೆಕಿಚ್ಚುಪಟ್ಟು ಓಡಿಸುತ್ತಿದ್ದೆ. ನಗಬೇಕೋ ಅಳಬೇಕೋ ತಿಳಿಯದೆ ಬೈಕಿನ ಕೀ ಕಿತ್ತುಕೊಂಡೆ.

“ಅವಳನ್ನ ಕಂಡ್ರೆ ಹೊಟ್ಟೆ ಉರೀತಿತ್ತು ಕಣೋ. ಅದಕ್ಕೇ ಸಾಗಹಾಕಿದ್ದು.”

ಅವನ ಮುಖ ಮೆಲ್ಲಗೆ ಅರಳಿತು. “ಯಾಕೆ ಉರೀತಿತ್ತು?”

“ಗೊತ್ತಿಲ್ವಾ?”

“ಗೊತ್ತು. ನಿನ್ನ ಬಾಯಲ್ಲಿ ಕೇಳ್ಬೇಕು.”

“ನೀನಂದ್ರೆ ನನಗಿಷ್ಟ, ಅದಕ್ಕೆ. ಈಗ ನೀನು ಹೇಳು. ನನಗೇ ಹೇಳು.”

ಅವನು ಕೆಮ್ಮಿದ. ಶರ್ಟಿನ ಗುಂಡಿ ತಿರುವಿದ. ಹುಬ್ಬು ಏರಲಿಲ್ಲ, ಕತ್ತು ವಾರೆಯಾಗಲಿಲ್ಲ.

“ನಂಗೂ... ನೀನಂದ್ರೆ ಇಷ್ಟ ಕಣೇ, ಮಿತ್ರಾ.” ಅಷ್ಟು ಹೇಳುವಷ್ಟರಲ್ಲಿ ಕಿವಿಯೆಲ್ಲ ಕೆಂಪಾಗಿತ್ತು.

“ಅವಳಿಗೆ ದೀಪ, ಬೆಳಕು ಅಂತ ಅಷ್ಟುದ್ದ. ನನಗೆ ಇಷ್ಟೇನಾ?”

“ಅಲ್ಲಿ ಕಳ್ಳ ಮಾತಾಡ್ತಿದ್ದ. ಇಲ್ಲಿ ನಾನೇ ನಿಂತಿದೀನಿ, ಬಾಯಿ ಒಣಗ್ತಿದೆ.”

ಅವನ ಬೆರಳು ಹಿಡಿದುಕೊಂಡೆ. ರಾಣಿಗೆ ಇವು ಸಿಕ್ಕಿರಲಿಲ್ಲ.

ಹುಳುಮನೆಯ ಬಾಗಿಲಲ್ಲಿ ರಮೇಶ್‌ಬಾಬು ಬಂದು ನಿಂತ. “ಲೋ, ಮದುವೆ ಇದೆಯೋ, ನಿಂತೋಯ್ತೋ?”

ಜಗನ್ ನನ್ನ ಮುಖ ನೋಡಿದ.

“ಇದೆ!” ಅಂತ ಕೂಗಿದೆ, ಅವನ ಬೆರಳು ಬಿಡದೆ. “ಅವಳನ್ನ ಇವತ್ತೇ ಗಂಡನ ಮನೆಗೆ ಕಳಿಸಿದ ಮೇಲೇ ಆಟದಿಂದ ಏಳೋದು ನಾನು!”