ಏಳನೇ ನಿಮಿಷಕ್ಕೆ ನಿಂತ ದನಿ

"ಅಕ್ಕಾ, ಹೈಸ್ಕೂಲಿಗೆ ಯಾವ ಕಡೆ ಹೋಗ್ಬೇಕ್ರಿ?"

ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ಮಂಗಳಾ ಕೇಳಿದ್ದು ಹೂ ಮಾರುವವಳನ್ನು. ಬೆಚ್ಚಿ ತಿರುಗಿದ್ದು ಮಾತ್ರ ಶಾಲೆ ತೆರೆಯಲೆಂದು ಪಕ್ಕದ ಬೆಂಚಿನಲ್ಲಿ ಕಾಯುತ್ತಿದ್ದ ಯುವಕ!

"ನೀ... ನೀವು ಮಂಗಳಾ ಅಲ್ವಾ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದೇ ಇಲ್ಲ. ಆದರೆ ನಾಲ್ಕು ತಿಂಗಳಿಂದ ಅವಳ ದನಿ ಅವನ ಕಿವಿಯಲ್ಲಿತ್ತು.

ತೊದಲುವವರಿಗಾಗಿ ಅವಳು ಚಿತ್ರದುರ್ಗದ ಆಫೀಸಿನಲ್ಲಿ ಕೂತು ಮಾಡಿದ ಆಪಿನ ದನಿ ಅದು. 'ಒಂದು... ಎರಡು...' ಎಂದು ಅವಳೇ ಮೆಲ್ಲಗೆ ಎಣಿಸಿದ ದನಿ ಮೊದಲೇ ಫೋನಿಗೆ ಇಳಿದಿರುತ್ತದೆ. ಇಯರ್‌ಫೋನಿನಲ್ಲಿ ಆ ತಾಳ ಹಿಡಿದು ಮಾತಾಡಿದರೆ ನಾಲಿಗೆ ತಡವರಿಸುವುದು ಕಡಿಮೆ. ಈ ಯುವಕ, ಹನುಮೇಶ್, ಅದನ್ನು ಬಳಸುತ್ತಾ, ಸರಿತಪ್ಪುಗಳನ್ನು ಅವಳಿಗೆ ಮೆಸೇಜ್ ಮಾಡುತ್ತಾ ಇದ್ದ. ಆ ಮೆಸೇಜುಗಳು ಯಾವಾಗಲೋ 'ಊಟ ಆಯ್ತಾ' ಅನ್ನುವಲ್ಲಿಗೆ ಬಂದಿದ್ದವು.

ನಿನ್ನೆ ಅವನು ಇಲ್ಲಿನ ಹೈಸ್ಕೂಲಿನಲ್ಲಿ ಮೇಷ್ಟ್ರ ಕೆಲಸಕ್ಕೆ ಪರೀಕ್ಷಾ ಪಾಠ ಮಾಡಿದ್ದ. ಸಂಜೆ ಅವನಿಂದ ಬಂದ ಮೆಸೇಜ್ ಇಷ್ಟೇ.

'ನಡುವೆ ದನಿ ನಿಂತೋಯ್ತು. ಮಾತೂ ನಿಂತೋಯ್ತು. ತಪ್ಪು ನಂದೇ. ಶಾಲೆಗೆ ಕೊಟ್ಟ ಸರ್ಟಿಫಿಕೇಟ್ ವಾಪಸ್ ತಗೊಂಡು ನಾಳೆ ಹಿರಿಯೂರಿಗೆ, ಮಾವನ ಅಂಗಡಿಗೆ ಹೋಗ್ತೀನಿ. ಥ್ಯಾಂಕ್ಸ್.'

ಆ 'ಥ್ಯಾಂಕ್ಸ್' ಅವಳನ್ನು ಚೂರಿಯಂತೆ ಇರಿದಿತ್ತು!

"ಹೋಗಿ ಎದುರಿಗೇ ಹೇಳು. ಫೋನಿನೊಳಗೆ ಬಚ್ಚಿಟ್ಕಂಡು ಎಷ್ಟು ದಿನ ಎಣಿಸ್ತೀಯಮ್ಮಾ?" ಎಂದು ಗೆಳತಿ ಅಂಜುಮ್ ಚುಚ್ಚಿ ಕಳಿಸಿದ್ದಳು.

"ತಪ್ಪು ನಿಮ್ದಲ್ಲ," ಮಂಗಳಾ ನಿಂತಲ್ಲೇ ಹೇಳಿದಳು. "ನಂದು. ಸ್ಕ್ರೀನ್ ಆರಿದ್ರೆ ಏಳನೇ ನಿಮಿಷಕ್ಕೆ ಫೋನು ಆಪನ್ನ ಮಲಗಿಸಿಬಿಡ್ತದೆ. ದನಿ ಓಡ್ತಾ ಐತೆ, ಮಲಗಿಸ್ಬೇಡ ಅಂತ ಅದಕ್ಕೆ ತಿಳಿಸೋ ನಾಲ್ಕು ಸಾಲು ಕೋಡ್ ನಾನು ಬರೀಬೇಕಿತ್ತು."

"ಮರೆತ್ರಾ?"

ಹೂಂ ಅಂದುಬಿಡಲೇ? ಎಷ್ಟು ಸುಲಭ...!

"ಇಲ್ಲ. ಒಂದ್ಸಲ ನಿಂತಿದ್ದನ್ನ ಕಣ್ಣಾರೆ ನೋಡಿದ್ದೆ. ನಾಳೆ ಮಾಡಿದ್ರಾಯ್ತು ಅಂದ್ಕಂಡು ಪರೀಕ್ಷೆ ಪಟ್ಟೀಲಿ 'ಸರಿ ಐತೆ' ಅಂತ ಗುರುತು ಹಾಕ್ದೆ. ಆ ನಾಳೆ ಬರಲೇ ಇಲ್ಲ."

ಅವನು ತಲೆ ತಗ್ಗಿಸಿದ. ಬೈಯಬಾರದೇ... ಬೈದರಾದರೂ ತನಗೆ ಹಗುರಾಗುತ್ತಿತ್ತು ಅನ್ನಿಸಿತು ಮಂಗಳಾಗೆ.

"ಏ... ಏಳನೇ ನಿಮಿಷಕ್ಕೆ ನಿಲ್ತದೆ ಅಂತ ನನಗೂ ಗೊತ್ತಿತ್ತು."

"ಏನು?!"

"ಮಧ್ಯೆ ಮಧ್ಯೆ ಸ್ಕ್ರೀನ್ ಮುಟ್ಟಿದ್ರೆ ನಿಲ್ಲಲ್ಲ. ನಿನ್ನೆ ಪಾಠ ಚೆನ್ನಾಗಿ ಸಾಗ್ತಿತ್ತು... ಖುಷಿಗೆ ಮರೆತೆ."

"ಅಯ್ಯೋ, ಸಣ್ಣ ಪುಟ್ಟ ತಪ್ಪೆಲ್ಲ ಬರೀತಿದ್ರಿ. ಇದನ್ನ ಯಾಕೆ ಹೇಳ್ಲಿಲ್ಲ?"

ಅವನ ಕಿವಿ ಕೆಂಪಾದವು. "ಹೇಳಿದ್ರೆ ಯಾವಾಗ ಕಂಡಿದ್ದು ಅಂತ ಕೇಳ್ತಿದ್ರಿ. ಬಟ್ಟೆ ಒಗೆಯುವಾಗ... ಅನ್ನ ಮಾಡುವಾಗ... ಮಾತಾಡೋಕೆ ಯಾರೂ ಇಲ್ಲದಾಗ್ಲೂ ನಾನು ನಿಮ್ಮನ್ನ ಕೇಳ್ತಾ ಕೂತಿರ್ತೀನಿ ಅಂತ ಗೊತ್ತಾಗ್ಬಿಡ್ತಿತ್ತು."

ಮಂಗಳಾಳ ಕಣ್ಣು ತುಂಬಿ ಬಂತು. ಇಬ್ಬರೂ ಮುಚ್ಚಿಟ್ಟಿದ್ದು ಒಂದೇ ತಪ್ಪನ್ನು!

"ಸರ್ಟಿಫಿಕೇಟ್ ವಾಪಸ್ ತಗಾಬೇಡ್ರಿ. ಇನ್ನೊಂದು ಪಾಠಕ್ಕೆ ಅವಕಾಶ ಕೇಳಾಣ. ತಪ್ಪು ನಂದು ಅಂತ ಹೆಡ್‌ಮಾಸ್ತರಿಗೆ ನಾನೇ ಹೇಳ್ತೀನಿ."

"ಅರ್ಧ ನಂದು."

"ಆಯ್ತು, ಅರ್ಧ ನಿಮ್ದು."

ಅವನು ನಕ್ಕು ಎದ್ದ. ಏನೋ ಹೇಳಹೊರಟ. "ಮಂ... ಮಂ..."

ಅವನ ತುಟಿಗೆ ಬಂದ ತನ್ನ ಹೆಸರನ್ನು ಅವಳು ಹೇಳಿಕೊಡಲಿಲ್ಲ. ಎಣಿಸಲೂ ಇಲ್ಲ. ಸುಮ್ಮನೆ ಕಾದಳು.

"...ಮಂಗಳಾ. ಹೋಗಾಣವಾ?"

"ಹೋಗಾಣ."