ಇವತ್ತಿನ ಗಿರಾಕಿ

"ಐದು ಕಿಲೋ ಬೆಲ್ಲ."

ಸಾತ್ವಿಕಾ ತಲೆ ಎತ್ತಿದಳು. ಹಗ್ಗದ ಆಚೆ, ನೆಲದ ಮೇಲೆ ಸುಣ್ಣದಲ್ಲಿ ಬರೆದ ವೃತ್ತದೊಳಗೆ ಅವನು ನಿಂತಿದ್ದ. ಮುಖದ ಮುಕ್ಕಾಲು ಪಾಲು ಮಾಸ್ಕಿನೊಳಗೆ. ಹೊರಗೆ ಉಳಿದದ್ದು ಎರಡು ಕಣ್ಣು... ಬಹಳ ದಿನದಿಂದ ಸರಿಯಾಗಿ ನಿದ್ದೆ ಮಾಡದ ಕಣ್ಣು.

"ಮನೆಯಲ್ಲಿ ಮದುವೆ ಉಂಟಾ?" ಎಂದು ಕೇಳಿಯೇಬಿಟ್ಟಳು.

ಸಾಲಿನಲ್ಲಿದ್ದವರು ನಕ್ಕರು. ಅವನು ಒಂದು ಕ್ಷಣ ಅವಳನ್ನೇ ನೋಡಿದ.

"ಹೌದಲ್ಲ. ನಿಮಗೆ ಹೇಳಿಕೆ ಬರಲಿಲ್ವಾ?"

ಈ ಸಲ ಸಾಲು ಇನ್ನೂ ಜೋರಾಗಿ ನಕ್ಕಿತು. ಸಾತ್ವಿಕಾಳ ಕಿವಿ ಬಿಸಿಯಾಯಿತು. ಮಾಸ್ಕ್ ಇದ್ದದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ತಾನೂ ನಕ್ಕದ್ದು ಅವನಿಗೆ ಕಾಣುತ್ತಿತ್ತು.

ಅದು ಎರಡು ಸಾವಿರದ ಇಪ್ಪತ್ತರ ಏಪ್ರಿಲ್. ಗುರುವಾಯನಕೆರೆಯ ಪೇಟೆ ಬೆಳಿಗ್ಗೆ ಏಳಕ್ಕೆ ಕಣ್ಣು ಬಿಟ್ಟು ಹನ್ನೆರಡಕ್ಕೆ ಮುಚ್ಚುತ್ತಿತ್ತು. ಆಮೇಲೆ ರಸ್ತೆಯಲ್ಲಿ ಪೊಲೀಸರು ಮತ್ತು ನಾಯಿಗಳು ಮಾತ್ರ. ಮೂಡುಬಿದಿರೆಯ ಹಾಸ್ಟೆಲ್ ಮುಚ್ಚಿದ ದಿನವೇ ಸಾತ್ವಿಕಾ ಬ್ಯಾಗು ಹಿಡಿದು ಸೋದರಮಾವ ಸುಬ್ಬಯ್ಯನ ಮನೆಗೆ ಬಂದಿದ್ದಳು. ಮಾವನ ದಿನಸಿ ಅಂಗಡಿಯ ಕೆಲಸದವರಿಬ್ಬರೂ ಊರಿಗೆ ಹೋಗಿ ಅಲ್ಲೇ ಸಿಕ್ಕಿಬಿದ್ದಿದ್ದರು. ಎಂ.ಕಾಂ. ಓದುವವಳು ತಕ್ಕಡಿಯ ಹಿಂದೆ ಕೂತಳು.

ಕೂತ ಮೇಲೆ ಒಂದು ಹೊಸ ಪ್ರಪಂಚವೇ ತೆರೆಯಿತು. ಯಾರ ಮನೆಯಲ್ಲಿ ಏನು ಬೇಯುತ್ತದೆ, ಯಾರು ಹೊರಗೆ ಗಂಜಿಯ ಮಾತಾಡಿ ಒಳಗೆ ಗೋಡಂಬಿ ತಿನ್ನುತ್ತಾರೆ, ಎಲ್ಲವೂ ಅವಳ ಕೈಯ ಮೇಲಿಂದಲೇ ಹಾದುಹೋಗುತ್ತಿತ್ತು. ಬೇಸರ ಕಳೆಯಲು ಅವಳು ವಾಟ್ಸಾಪಿನಲ್ಲಿ ದಿನಕ್ಕೊಂದು ಸ್ಟೇಟಸ್ ಹಾಕತೊಡಗಿದಳು. ಹೆಸರು, 'ಇವತ್ತಿನ ಗಿರಾಕಿ'.

ಇವತ್ತಿನ ಗಿರಾಕಿ: ಉಗುರಿಗೆ ಮೂರು ಬಣ್ಣ ಕೊಂಡ ಟೀಚರ್. ಆನ್‌ಲೈನ್ ಕ್ಲಾಸಿನಲ್ಲಿ ಬೆರಳು ತೋರಿಸಿ ಪಾಠ ಮಾಡ್ತಾರಂತೆ.

ಇವತ್ತಿನ ಗಿರಾಕಿ: ಅಕ್ಕಿಗೆ ರೇಟು ಜಾಸ್ತಿಯಾಯಿತೆಂದು ಜಗಳಾಡಿ, ಅದೇ ಉಸಿರಿನಲ್ಲಿ ಎರಡು ಬಾಟಲಿ ಜೇನು ಕೇಳಿದವರು.

ಯಾರ ಹೆಸರನ್ನೂ ಬರೆಯುತ್ತಿರಲಿಲ್ಲ. ಆದರೆ ಆ ಪೇಟೆಯಲ್ಲಿ ಹೆಸರು ಬರೆಯುವ ಅಗತ್ಯವೂ ಇರಲಿಲ್ಲ. ಮಧ್ಯಾಹ್ನದ ಊಟಕ್ಕೆ ಮೊದಲು ಊರೆಲ್ಲ ಅವಳ ಸ್ಟೇಟಸ್‌ಗೆ ಕಾಯುತ್ತಿತ್ತು. ಮನೆಮನೆಗೆ ಸಾಮಾನು ಮುಟ್ಟಿಸುವ ಟೆಂಪೋದ ಹನೀಫಾ ಅಂತೂ ತನ್ನ ಹೆಂಡತಿ ಅದನ್ನು ನೋಡದೆ ಅನ್ನ ಬಡಿಸುವುದಿಲ್ಲ ಎಂದು ಎಲ್ಲರೆದುರು ದೂರುತ್ತಿದ್ದ. ಅಂಗಡಿಗೆ ಪುಕ್ಕಟೆ ಜಾಹೀರಾತು ಎಂದು ಸುಬ್ಬಯ್ಯ ಖುಷಿಪಟ್ಟ.

ಬೆಲ್ಲದವನನ್ನು ಮಾತ್ರ ಅವಳು ಸ್ಟೇಟಸ್‌ಗೆ ಹಾಕಲಿಲ್ಲ.

ಅವನ ಹೆಸರು ನಿತೇಶ್. ಮುಂಬೈಯ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದವನು ಕೊನೆಯ ರೈಲು ಹಿಡಿದು ಬಂದಿದ್ದ. ಗುಡ್ಡದ ಮೇಲಿನ ಮನೆಯಲ್ಲಿ ಅವನು ಮತ್ತು ಅವನ ಅಪ್ಪ ಡೊಂಬಯ್ಯ, ಇಬ್ಬರೇ. ಇಷ್ಟನ್ನು ಅವಳು ಬೆಲ್ಲ ತೂಗುವ ಹೊತ್ತಿನಲ್ಲಿ ತುಂಡು ತುಂಡಾಗಿ ತಿಳಿದುಕೊಂಡಿದ್ದಳು. ಅವನ ಸರದಿ ಬಂದರೆ ತಕ್ಕಡಿಯ ಮುಳ್ಳು ನಿಲ್ಲಲು ಯಾಕೋ ಬಹಳ ಹೊತ್ತು ಬೇಕಾಗುತ್ತಿತ್ತು. ಮುಂಬೈಯ ಅವನ ಕೋಣೆಗೆ ಕಿಟಕಿಯೇ ಇಲ್ಲವಂತೆ. ಅವಳಿಗೆ ಪರೀಕ್ಷೆ ಯಾವಾಗ ಎಂದು ವಿಶ್ವವಿದ್ಯಾನಿಲಯಕ್ಕೇ ಗೊತ್ತಿಲ್ಲ. ಇಂಥ ಮಾತುಗಳು. ಒಂದು ದಿನ ಚೀಲ ಎತ್ತಿಕೊಂಡವನು ತಿರುಗಿ ನಿಂತ.

"ನಾಳೆ ಬೇರೆ ಮಾಸ್ಕ್ ಹಾಕಿ ಮಾರಾಯ್ತಿ. ಈ ಹೂವಿನದ್ದು ನೋಡಿದರೆ ನಗು ಬರ್ತದೆ, ಆಮೇಲೆ ದಾರಿಯಲ್ಲಿ ಪೊಲೀಸರು ಯಾಕೆ ನಗ್ತೀಯಾ ಅಂತ ಕೇಳ್ತಾರೆ."

ಅವಳು ಮರುದಿನವೂ ಹೂವಿನದ್ದನ್ನೇ ಹಾಕಿದಳು.

'ಇದು ಎಂತದು ಸಾತ್ವಿಕಾ? ಕಣ್ಣು ಮಾತ್ರ ಕಂಡವನ ಮೇಲೆ...' ಎಂದು ತನ್ನನ್ನೇ ಕೇಳಿಕೊಂಡಳು. ಹನ್ನೆರಡಾಗುತ್ತಲೇ ಶಟರು ಎಳೆಯುವಾಗ ದಿನವೇ ಮುಗಿದಂತೆ ಅನಿಸುತ್ತಿತ್ತು, ಅಷ್ಟೇ.

ಆದರೆ ಅವನು ಒಯ್ಯುವ ಬೆಲ್ಲ ಏರುತ್ತಲೇ ಹೋಯಿತು. ಸಾಲಿನಲ್ಲಿ ಗುಸುಗುಸು ಶುರುವಾಯಿತು. ಬಾರುಗಳಿಗೆ ಬೀಗ ಬಿದ್ದ ದಿನಗಳು. ರಾಶಿ ಬೆಲ್ಲ ಹೊತ್ತೊಯ್ಯುವ ಮನೆಯ ಹಿಂದೆ ಕಳ್ಳಭಟ್ಟಿಯ ಒಲೆ ಉರಿಯುತ್ತದೆ ಎಂದು ಎಲ್ಲರಿಗೂ ಅನುಮಾನ. ಅದೇ ವಾರ ಸುಬ್ಬಯ್ಯನ ಹೆಂಡತಿಯ ತವರಿಗೆ ಹಲಸಿನ ಹಣ್ಣು ಕಾಯಿಸಲಿಕ್ಕೆಂದು ಇವನ ಎರಡರಷ್ಟು ಬೆಲ್ಲ ಹೋಗಿತ್ತು. ಅವರನ್ನು ಯಾರೂ ಏನೂ ಕೇಳಲಿಲ್ಲ. ದೊಡ್ಡ ಮನೆ, ಗೇಟಿನಲ್ಲಿ ಕಾರು. ಸಾತ್ವಿಕಾಳಿಗೂ ಆಗ ಅದು ಹೊಳೆಯಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ ಅವಳು ದನಿ ತಗ್ಗಿಸಿ ಕೇಳಿದಳು. ಇಷ್ಟೊಂದು ಬೆಲ್ಲ ಯಾಕೆ?

ಅವನು ಕಣ್ಣು ತಪ್ಪಿಸಿದ. ಹಸುವಿಗೆ ಅಂದ. ಕರು ಹಾಕಿದೆ, ಬೆಲ್ಲ ಬೇಯಿಸಿ ಕೊಡಬೇಕು ಅಂದ.

ಅವಳಿಗೆ ಎಷ್ಟು ಸಮಾಧಾನವಾಯಿತೆಂದರೆ ಕರುವಿನ ಬಣ್ಣ ಯಾವುದು ಎಂದೂ ಕೇಳಿದಳು. ಕಂದು ಎಂದ.

ಅಂಗಡಿ ಮುಚ್ಚುವಾಗ ಅವಳು ಹನೀಫಾನಲ್ಲಿ ಸುಮ್ಮನೆ ವಿಚಾರಿಸಿದಳು. ಗುಡ್ಡದ ಮೇಲೆ ಆ ಕರು ಹೇಗುಂಟು ಎಂದು.

"ಎಂತ ಕರು? ಡೊಂಬಯ್ಯನ ಮನೆಯಲ್ಲಿ ಕೋಳಿ ಕೂಡ ಇಲ್ಲ ಮಾರಾಯ್ತಿ," ಎಂದ ಹನೀಫಾ.

ಸಾತ್ವಿಕಾ ಎಳೆಯುತ್ತಿದ್ದ ಶಟರನ್ನು ಅರ್ಧದಲ್ಲೇ ಬಿಟ್ಟಳು. ಊರಿಗೆಲ್ಲ ಸುಳ್ಳು ಹೇಳಲಿ, ಬೇಡ ಎಂದವರಾರು? ಆದರೆ ತನಗೆ... ಕರುವಿಗೆ ಬಣ್ಣ ಕೂಡ ಹಚ್ಚಿ ಹೇಳಿದನಲ್ಲ! ದಿನಾ ಮಾತಾಡಿಸಿದ್ದು, ನಗಿಸಿದ್ದು, ಎಲ್ಲ ಬೆಲ್ಲಕ್ಕಾಗಿಯೇ?

ಬೆರಳುಗಳು ತಾವಾಗಿಯೇ ಓಡಿದವು.

ಇವತ್ತಿನ ಗಿರಾಕಿ: ಹಸುವಿಲ್ಲದ ಹಟ್ಟಿಗೆ ಮೂಟೆಗಟ್ಟಲೆ ಬೆಲ್ಲ. ಆ ಹಾಲು ಕುಡಿದವರು ಮನೆಗೆ ನೆಟ್ಟಗೆ ನಡೆದುಹೋಗ್ತಾರಾ?

ಊರು ಬಿದ್ದು ಬಿದ್ದು ನಕ್ಕಿತು. ಇಷ್ಟು ಒಳ್ಳೆಯದನ್ನು ಅವಳು ಅದುವರೆಗೆ ಬರೆದಿರಲಿಲ್ಲ.

ಮರುದಿನ ಗುಡ್ಡಕ್ಕೆ ಜೀಪು ಹೋಯಿತು. ಯಾರು ಫೋನ್ ಮಾಡಿದರೋ ತಿಳಿಯದು. ಮನೆಯ ಹಿಂದೆ ಗೇರುಮರದ ಬುಡದಲ್ಲಿ ಮಡಕೆ ಸಿಕ್ಕಿತು. ಅದನ್ನು ಅಂಗಳದಲ್ಲೇ ಒಡೆದರು, ಇದ್ದದ್ದನ್ನೆಲ್ಲ ಮಣ್ಣಿಗೆ ಚೆಲ್ಲಿದರು, ನಿತೇಶನನ್ನು ಕೂರಿಸಿಕೊಂಡು ಹೋಗಿ ಸಂಜೆಗೆ ಬಿಟ್ಟರು. ಸಾಲಿನಲ್ಲಿ ಎಲ್ಲರೂ ಸಾತ್ವಿಕಾಳನ್ನು ಹೊಗಳಿದರು. ಕಣ್ಣೆಂದರೆ ಹೀಗಿರಬೇಕು ಎಂದರು.

ಹಾಗಾದರೆ ತಾನು ಹೇಳಿದ್ದು ನಿಜವೇ ಆಯಿತು. ಅಲ್ಲಿ ಹಸು ಇರಲಿಲ್ಲ, ಭಟ್ಟಿ ಇತ್ತು. ಆದರೂ ಅವಳಿಗೆ ಊಟ ಸೇರಲಿಲ್ಲ.

ಅವನು ಮತ್ತೆ ಬರಲಿಲ್ಲ. ಬಂದದ್ದು ಸುದ್ದಿ. ಒಂದು ಬೆಳಿಗ್ಗೆ ಟೆಂಪೋ ನಿಲ್ಲಿಸಿದ ಹನೀಫಾ ಎಂದಿನಂತೆ ತಮಾಷೆ ಮಾಡದೆ ಕಟ್ಟೆಯ ಮೇಲೆ ಕೂತುಬಿಟ್ಟ. ಡೊಂಬಯ್ಯ ಹೋದನಂತೆ. ಮೂವತ್ತು ವರ್ಷ ದಿನವೂ ಕುಡಿದ ದೇಹ. ಕುಡಿತ ಒಮ್ಮೆಗೇ ನಿಂತದ್ದಕ್ಕೆ ಕೈಕಾಲು ನಡುಗಿ, ಇಲ್ಲದವರನ್ನೆಲ್ಲ ಕಂಡು ಕೂಗಾಡಿ, ಕೊನೆಗೆ ಫಿಟ್ಸ್ ಬಂದು ಬಿದ್ದಿದ್ದ. ಆಂಬುಲೆನ್ಸು ಮಂಗಳೂರಿಗೆ ಹೊರಟಿತ್ತು. ಬಂಟ್ವಾಳ ದಾಟಲಿಲ್ಲ.

"ಮಗ ಅಪ್ಪನಿಗೋಸ್ಕರ ಕಾಯಿಸ್ತಿದ್ದದ್ದು," ಎಂದ ಹನೀಫಾ. "ಒಂದು ಹನಿ ಮಾರಿದವನಲ್ಲ ಅವನು."

ಸಾತ್ವಿಕಾಳ ಕೈಯಲ್ಲಿದ್ದ ಅಳತೆಯ ಪಾವು ಹಾಗೆಯೇ ಉಳಿಯಿತು. ಸಾಲಿನಲ್ಲಿದ್ದ ಹೆಂಗಸೊಬ್ಬಳು, ನನ್ನ ಅಕ್ಕಿ ಎಂದು ನೆನಪಿಸಬೇಕಾಯಿತು.

ಅವನ ಅಪ್ಪನ ಚಿತೆಯ ಬಳಿ ನಿಂತವರು ಬೆರಳೆಣಿಕೆಯ ಜನ. ಅದರ ಮುಂದಿನ ವಾರವೇ ಮದ್ಯದಂಗಡಿಗಳ ಬಾಗಿಲು ತೆರೆಯಿತು. ಬೆಳ್ತಂಗಡಿಯಲ್ಲಿ ಸಾಲು ರಸ್ತೆಯವರೆಗೆ ಬಂದಿತ್ತಂತೆ, ಯಾರೋ ಬಾಗಿಲಿಗೆ ಹೂವಿನ ಮಾಲೆ ಹಾಕಿದರಂತೆ. ಜನ ಆ ಫೋಟೋವನ್ನು ಅವಳಿಗೆ ಕಳಿಸಿ, ಇವತ್ತಿನ ಗಿರಾಕಿಗಳು ಎಂದು ಬರಿ ಮಾರಾಯ್ತಿ ಅಂದರು.

ಅವಳು ಮೊಬೈಲನ್ನು ಅಕ್ಕಿಯ ಡಬ್ಬದ ಹಿಂದೆ ತಳ್ಳಿದಳು. ಮಾವನಿಗೆ ತಲೆನೋವೆಂದು ಹೇಳಿ ಹಾಡಹಗಲಲ್ಲೇ ಗುಡ್ಡ ಹತ್ತಿದಳು.

ಅವನು ಜಗಲಿಯಲ್ಲಿ ಕೂತಿದ್ದ. ಮಾಸ್ಕ್ ಇರಲಿಲ್ಲ. ಇಡೀ ಮುಖವನ್ನು ಅವಳು ನೋಡಿದ್ದು ಅದೇ ಮೊದಲು. ಅಷ್ಟು ದಿನ ಮನಸ್ಸಿನಲ್ಲೇ ಬರೆದುಕೊಂಡಿದ್ದ ಮುಖಕ್ಕಿಂತ ಇದು ಚಿಕ್ಕದಾಗಿತ್ತು, ಹುಡುಗನ ಮುಖ. ಗಡ್ಡ ಬೆಳೆದಿತ್ತು. ಅವನು ಏಳಲಿಲ್ಲ. ಕೂರಿ ಎಂದು ಎದುರಿನ ಬೆಂಚು ತೋರಿಸಿದ.

"ಆ ಸ್ಟೇಟಸ್ಸು..." ಎಂದಳು.

"ನೋಡಿದ್ದೆ. ಮೊದಲು ನೋಡಿದವರಲ್ಲಿ ನಾನೂ ಒಬ್ಬ." ಅವನು ಅಂಗಳದತ್ತ ನೋಡುತ್ತಿದ್ದ. "ನಗು ಕೂಡ ಬಂತು. ಚೆನ್ನಾಗಿ ಬರೀತೀರಿ."

"ನನಗೆ ಬೈಯಿರಿ."

"ಬೈದರೆ ನಿಮಗೆ ಹಗುರ ಆಗ್ತದೆ. ನನಗೆ?"

ಅವಳು ಅತ್ತಳು. ಅವನು ಸಮಾಧಾನ ಮಾಡಲೂ ಇಲ್ಲ, ನಿಲ್ಲಿಸಿ ಎನ್ನಲೂ ಇಲ್ಲ. ಅವಳ ಅಳು ಅದಾಗಿಯೇ ಇಳಿಯುವವರೆಗೆ ಕಾದ. ಆಮೇಲೆ ಬೇರೆ ಯಾರದೋ ಮನೆಯ ಕತೆಯನ್ನು ಹೇಳುವವನಂತೆ ಹೇಳತೊಡಗಿದ.

ಅಪ್ಪನ ಕುಡಿತವನ್ನು ನೋಡಲಾರದೆಯೇ ಅವನು ಹುಡುಗನಾಗಿದ್ದಾಗ ಮುಂಬೈಗೆ ಓಡಿದ್ದು. ಈಗ ಬಂದು ನೋಡಿದರೆ ಅಪ್ಪ ಲೋಟ ಹಿಡಿಯಲೂ ಆಗದೆ ನಡುಗುತ್ತಿದ್ದ. ಡಾಕ್ಟರು ಫೋನಿನಲ್ಲಿ ಮಾತ್ರೆಯ ಹೆಸರು ಹೇಳಿದರು. ಆ ಮಾತ್ರೆ ಇಲ್ಲಿಯೂ ಸಿಗಲಿಲ್ಲ, ಉಜಿರೆಯಲ್ಲೂ ಸಿಗಲಿಲ್ಲ, ಅದರಾಚೆಗೆ ಹೋಗಲು ರಸ್ತೆ ಬಂದ್. ಒಮ್ಮೆ ಫಿಟ್ಸ್ ಬಂದು ಅಪ್ಪ ನಾಲಿಗೆ ಕಚ್ಚಿಕೊಂಡ ಮೇಲೆ, ಭಟ್ಟಿ ಇಡುವುದು ಹೇಗೆ ಎಂದು ಇವನೇ ಕೇಳಿದ. ಅಪ್ಪ ಚಾಪೆಯಲ್ಲಿ ಮಲಗಿಕೊಂಡೇ ಹೇಳಿಕೊಟ್ಟ. ಕೆಲವು ಸಲ ಕೆಟ್ಟುಹೋಯಿತು, ಎಲ್ಲ ಚೆಲ್ಲಿ ಮತ್ತೆ ಬೆಲ್ಲ ತಂದ.

"ಜೀವಮಾನದಲ್ಲಿ ಅಪ್ಪ ನನಗೆ ಕಲಿಸಿದ ಕೆಲಸ ಅದೊಂದೇ," ಎಂದ ನಿತೇಶ್. "ದಿನಾ ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ತಾ ಬಂದಿದ್ದೆ. ಕೈ ನಡುಕ ನಿಂತಿತ್ತು. ಗಂಜಿ ಸೇರ್ತಿತ್ತು. ಒಂದು ದಿನ ನನ್ನ ಹೆಸರು ಹಿಡಿದು ಕರೆದ್ರು ಕೂಡ."

ಸಾತ್ವಿಕಾ ತನ್ನ ಬೆರಳುಗಳನ್ನು ನೋಡಿಕೊಂಡಳು. ಇವೇ ಅಲ್ಲವೇ ಬರೆದದ್ದು.

"ನನಗೆ ಹೇಳಬಹುದಿತ್ತಲ್ಲ..."

"ಹೇಗೆ ಹೇಳುದು? ನೀವು ದಿನಾ ಊರವರ ಚೀಲ ನೋಡಿ ನಗುವವರು. ನಿಮ್ಮೆದುರು ನಾನು ಕುಡುಕನ ಮಗ ಆಗಬಾರದು ಅಂತ ಇತ್ತು. ಹಾಗೆ ಕರು ಹುಟ್ಟಿಸಿದೆ."

ಅವಳ ಬಾಯಿಂದ ಮಾತು ತಾನಾಗಿಯೇ ಹೊರಬಂತು. ಬೇರೆ ಯಾರಾದರೂ ಸುಳ್ಳು ಹೇಳಿದ್ದರೆ ಅವಳಿಗೆ ಸಿಟ್ಟೇ ಬರುತ್ತಿರಲಿಲ್ಲ. ಅವನು ಹೇಳಿದ್ದಕ್ಕೆ ಬಂತು.

"ಅಷ್ಟು ಇಷ್ಟ ಆಗಿದ್ರಿ ನೀವು ನನಗೆ," ಎಂದಳು. "ಈಗ ಹೇಳಿ ಪ್ರಯೋಜನ ಇಲ್ಲ, ಗೊತ್ತುಂಟು."

ಅವನು ಮತ್ತೆ ಅಂಗಳದತ್ತ ನೋಡಿದ. ಅಲ್ಲಿ ಬಿಸಿಲು ಬಲಿಯುತ್ತಿತ್ತು.

"ಹನೀಫಾನ ಟೆಂಪೋದಲ್ಲಿ ಕಳಿಸಿ ಅಂದಿದ್ದರೆ ಬೆಲ್ಲ ಮನೆಗೇ ಬರ್ತಿತ್ತು," ಎಂದ. "ಯಾರೂ ನೋಡ್ತಿರಲಿಲ್ಲ, ಯಾರೂ ಕೇಳ್ತಿರಲಿಲ್ಲ. ಅಪ್ಪನನ್ನು ಒಬ್ಬರೇ ಬಿಟ್ಟು ಅಷ್ಟು ದೂರ ನಡೆದು ನಾನು ಯಾಕೆ ಬರ್ತಿದ್ದೆ, ಯೋಚನೆ ಮಾಡಿದ್ದೀರಾ?"

ಸಾತ್ವಿಕಾ ಬೆಂಚಿನ ಅಂಚನ್ನು ಹಿಡಿದುಕೊಂಡಳು. ಇದು ತಾನು ಕೇಳಬೇಕೆಂದಿದ್ದ ಮಾತೇ. ಆದರೆ ಇಂಥ ಮಾತಿಗೆ ಹೀಗೂ ಒಂದು ಬೆಲೆ ಇರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ತಪ್ಪು ನಿಮ್ಮದೊಂದೇ ಅಲ್ಲ ಅಂತ ಹೇಳಿದ್ದು. ರಾತ್ರಿ ನಾನೂ ಅದನ್ನೇ ಲೆಕ್ಕ ಹಾಕ್ತೇನೆ."

"ಈಗ?"

"ರೈಲು ಬಿಟ್ಟ ಕೂಡಲೇ ಮುಂಬೈಗೆ ಹೋಗ್ತೇನೆ. ಹೋಟೆಲ್ ತೆರೀತದೋ ಇಲ್ವೋ, ಗೊತ್ತಿಲ್ಲ. ಇಲ್ಲಿ ಇರ್ಲಿಕ್ಕೆ ಆಗುದಿಲ್ಲ."

"ನನ್ನಿಂದಾಗಿಯಾ?"

ಅವತ್ತು ಮೊದಲ ಬಾರಿ ಅವನು ಅವಳನ್ನು ನೇರ ನೋಡಿದ. ನಿದ್ದೆ ಇಲ್ಲದ ಅದೇ ಕಣ್ಣು.

"ನಿಮ್ಮನ್ನು ನೋಡಿದರೆ ಅಪ್ಪ ನೆನಪಾಗ್ತಾರೆ. ನೋಡದಿದ್ದರೆ ನೀವು ನೆನಪಾಗ್ತೀರಿ. ಎಂತ ಮಾಡುದು, ನೀವೇ ಹೇಳಿ."

ಇಡೀ ಊರಿನ ಬಗ್ಗೆ ದಿನಕ್ಕೊಂದು ಮಾತು ಹೊಸೆದವಳಿಗೆ ಈ ಒಬ್ಬನಿಗೆ ಕೊಡಲು ಒಂದು ಮಾತೂ ಹುಟ್ಟಲಿಲ್ಲ. ಕಾಯುತ್ತೇನೆ ಎನ್ನಲು ಅವಳಿಗೆ ಧೈರ್ಯವಿರಲಿಲ್ಲ. ಕಾಯಲು ಹೇಳುವ ಮನಸ್ಸು ಅವನಿಗೂ ಇದ್ದಂತೆ ಕಾಣಲಿಲ್ಲ.

ಬಿಸಿಲು ನೆತ್ತಿಗೇರಿತು. ಅವಳು ಎದ್ದಳು. ಸೂತಕದ ಮನೆ. ಅಲ್ಲಿಂದ ಹೊರಡುವಾಗ 'ಬರ್ತೇನೆ' ಎನ್ನಬಾರದು, ಸುಮ್ಮನೆ ಎದ್ದು ಹೋಗಿಬಿಡಬೇಕು. ಅವಳು ಹಾಗೆಯೇ ಮೆಟ್ಟಿಲಿಳಿದು ಚಪ್ಪಲಿ ಮೆಟ್ಟಿದಳು. ಅಂಗಳದ ಅರ್ಧಕ್ಕೆ ಬಂದಿರಬಹುದು.

"ಹೇಳದೆ ಹೋಗ್ತೀರಾ?"

ಅವಳು ತಿರುಗಿದಳು. ಅವನು ಜಗಲಿಯ ಕಂಬ ಹಿಡಿದು ನಿಂತಿದ್ದ.

"ಈ ಮನೆಯಲ್ಲಿ ಈಗ ಹೇಳಬಾರದಲ್ಲ."

"ಹೇಳಬಾರದು," ಎಂದ ಅವನು. ಸ್ವಲ್ಪ ತಡೆದ. "ಆದರೂ ಹೇಳಿ."

ಅವಳು ಹೇಳಿದಳು.

"ಬರ್ತೇನೆ."

ಬನ್ನಿ ಎಂದು ಅವನು ಹೇಳಲಿಲ್ಲ. ಬೇಡ ಎಂದೂ ಹೇಳಲಿಲ್ಲ. ತಲೆಯಾಡಿಸಿದನೋ, ಅಥವಾ ಬಿಸಿಲಿಗೆ ಮುಖ ತಗ್ಗಿಸಿದನೋ, ಅಷ್ಟು ದೂರದಿಂದ ಅವಳಿಗೆ ಸರಿಯಾಗಿ ಕಾಣಲಿಲ್ಲ. ಅವಳು ಗುಡ್ಡ ಇಳಿದು ಮರೆಯಾಗುವವರೆಗೂ ಅವನು ಕಂಬ ಬಿಟ್ಟು ಒಳಗೆ ಹೋಗಲಿಲ್ಲ.